ಪಟದ ಮನೆಯ ಭಾನುವಾರಗಳು

ನಾನು ಮದುವೆಯಾಗಿ ಜಯನಗರಕ್ಕೆ ಬಂದದ್ದು ಐವತ್ತರ ದಶಕದ ಕೊನೆಯಲ್ಲಿ. ಕೆಂಪು ಮಣ್ಣಿನ ಬಯಲು, ಬಯಲಿನ ತುಂಬ ಸುಣ್ಣ ಬಳಿದ ಗಡಿಕಲ್ಲುಗಳು, ಅಲ್ಲೊಂದು ಇಲ್ಲೊಂದು ಮನೆ. ನಮ್ಮ ಹಿತ್ತಲಿನಾಚೆ ಬಿತ್ತನೆ ನಿಂತುಹೋದ ರಾಗಿ ಹೊಲವಿತ್ತು. ಸಂಜೆಯಾದರೆ ಆ ಕಡೆಯಿಂದ ನರಿ ಕೂಗುತ್ತಿದ್ದವು. ಬೀದಿಯುದ್ದಕ್ಕೂ ಕಂಬಗಳು ನಿಂತಿದ್ದವು, ಬೀದಿದೀಪ ಇನ್ನೂ ಬಂದಿರಲಿಲ್ಲ.

ಮನೆಯಲ್ಲಿ ನಾವು ಮೂವರು. ನನ್ನ ಗಂಡ ಕಾರ್ಖಾನೆಯೊಂದರಲ್ಲಿ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್. ಬೆಳಿಗ್ಗೆ ಸೈಕಲ್ ಹತ್ತಿ ಹೋದರೆ ಬರುವುದು ಸಂಜೆಗೆ. ಉಳಿದ ಹೊತ್ತೆಲ್ಲ ನಾನು ಮತ್ತು ಅತ್ತೆ. ಅತ್ತೆ ತುಮಕೂರಿನ ಕಡೆಯವರು, ಎತ್ತರದ ಹೆಂಗಸು, ಹಣೆಯ ತುಂಬ ವಿಭೂತಿ. ಮಾವನವರು ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಅತ್ತೆಯದು ಮಾತು ಕಡಿಮೆ, ಕೆಲಸ ಚುರುಕು. ಅಡುಗೆಮನೆಯಲ್ಲಿ ಒಂದು ಸೌಟನ್ನೂ ನಾನು ಜಾಗ ಬದಲಿಸುವಂತಿರಲಿಲ್ಲ. ಹೊಸದರಲ್ಲಿ ಒಮ್ಮೆ ಸಾಸಿವೆ ಡಬ್ಬಿಯನ್ನು ಮೇಲಿನ ಹಲಗೆಯಿಂದ ಕೆಳಗಿಟ್ಟೆ. ಅವರು ಕೈ ಚಾಚಿ, ಬರಿಯ ಹಲಗೆಯನ್ನು ಮುಟ್ಟಿ, ಹಾಗೇ ನಿಂತುಬಿಟ್ಟರು.

"ಇಟ್ಟ ಕಡೇನೇ ಇಡ್ಬೇಕು ಕಣಮ್ಮ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಏನೋ ಬೇರೆ ಇತ್ತು. ಅದು ಏನೆಂದು ಆಗ ನನಗೆ ತಿಳಿಯಲಿಲ್ಲ. ಅತ್ತೆಯ ಶಿಸ್ತು ಎಂದುಕೊಂಡು ಸುಮ್ಮನಾದೆ.

ಪಟದ ಮನೆ ನಮಗೆ ಸಿಕ್ಕಿದ್ದು ಅವರೆಕಾಯಿಯ ಕಾಲದಲ್ಲಿ. ಒಂದು ಭಾನುವಾರ ಬನಶಂಕರಿಯ ದರ್ಶನ ಮುಗಿಸಿದಾಗ ಅತ್ತೆ, "ಹೊಲದಲ್ಲೇ ಅವರೆಕಾಯಿ ಕೊಳ್ಳೋಣ, ಸೊಗಡು ಚೆನ್ನಾಗಿರುತ್ತೆ," ಎಂದರು. ದೇವಸ್ಥಾನದ ಆಚೆ ಇಟ್ಟಮಡುವಿನ ಕಡೆಗೆ ಹೋಗುವ ಗಾಡಿದಾರಿ ಹಿಡಿದೆವು. ದಾರಿಯಲ್ಲಿ ಒಂದು ಸಣ್ಣ ಕೆರೆ, ಕೆರೆಯ ಏರಿಯ ಕೆಳಗೆ ನಾಡಹೆಂಚಿನ ಉದ್ದನೆಯ ಕಟ್ಟಡ. ಅದರ ಬಾಗಿಲ ಮೇಲೆ ನೀಲಿ ಬಣ್ಣದಲ್ಲಿ 'ಪಟದ ಮನೆ, ಯಾರು ಬೇಕಾದರೂ ಬರಬಹುದು' ಎಂದು ಬರೆದಿತ್ತು. ಜಗಲಿಯ ಮೇಲೆ ಕೂತು ಅವರೆ ಬಿಡಿಸುತ್ತಿದ್ದ ಹೆಂಗಸೊಬ್ಬರು ನಮ್ಮನ್ನು ನೋಡಿ ಎದ್ದರು.

"ಬನ್ನಿ ಬನ್ನಿ. ಒಳೀಕ್ ಬಂದು ನೋಡ್ಕಳಿ. ಕಾಸೇನೂ ಇಲ್ಲ."

ಅವರು ಆ ಹಳ್ಳಿಯ ಒಕ್ಕಲು ಮನೆತನದವರು. ಅವರ ಹೊಲ ಸೈಟುಗಳಿಗೆ ಹೋಗಿತ್ತು. ರಾಗಿ ತುಂಬಿಡುತ್ತಿದ್ದ ಕಟ್ಟಡ ಖಾಲಿ ಬಿದ್ದಿತ್ತು. ಅವರ ಮೈದುನ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವರು. ಬಡಾವಣೆಗಾಗಿ ಹಳೆಯ ಮನೆಗಳನ್ನು ಕೆಡವುವಾಗ ಅಲ್ಲಿ ಬಿಸಾಡಿದ ಪಟ, ಗೊಂಬೆ, ಕೆತ್ತನೆಯ ಬಾಗಿಲುಗಳನ್ನು ಗಾಡಿಯಲ್ಲಿ ಹೇರಿಕೊಂಡು ತಂದು ಇಲ್ಲಿ ಜೋಡಿಸಿದ್ದರು. ತಾವು ಬರೆದ ಚಿತ್ರಗಳನ್ನೂ ತೂಗುಹಾಕಿದ್ದರು. ಊರಿನವರು ಮೊದಲು ನಕ್ಕರಂತೆ. ಆಮೇಲೆ ತಮ್ಮ ತಮ್ಮ ಮನೆಯಿಂದಲೂ ಒಂದೊಂದು ತಂದು ಕೊಟ್ಟರಂತೆ. ಮೇಷ್ಟ್ರು ತೀರಿಕೊಂಡ ಮೇಲೆ ಅತ್ತಿಗೆಯಾದ ಈ ಯಜಮಾನಿಯೇ ಭಾನುವಾರ ಭಾನುವಾರ ಬಾಗಿಲು ತೆಗೆದು ಕೂರುತ್ತಿದ್ದರು.

ಒಳಗೆ ತಂಪು, ಅರೆಗತ್ತಲು, ಹಳೆಯ ಧಾನ್ಯದ ವಾಸನೆ. ಎರಡು ಗವಾಕ್ಷಿಗಳಿಂದ ಬರುವ ಬೆಳಕು ಬಿಟ್ಟರೆ ಬೇರೆ ದೀಪವಿಲ್ಲ. ಗಾಜಿನ ಮೇಲೆ ಬರೆದ ಕೃಷ್ಣ, ಚಿನ್ನದ ರೇಕು ಉದುರಿದ ಪಟ್ಟಾಭಿಷೇಕ, ಬಿದಿರು ಕಡ್ಡಿ ಮುರಿದ ತೊಗಲುಗೊಂಬೆಗಳು, ಊರ ಹೆಂಗಸರು ಹಾಳೆಯ ಮೇಲೆ ಇಳಿಸಿಕೊಟ್ಟ ರಂಗೋಲಿಗಳು. ಮೂಲೆಯಲ್ಲಿ ಗ್ರಾಮದೇವತೆಯ ಉತ್ಸವದಲ್ಲಿ ಹೊತ್ತು ಕುಣಿಯುತ್ತಿದ್ದ ಸೋಮನ ಮುಖ. ಮರದ್ದು, ಕೆಂಪು ಬಣ್ಣದ್ದು, ಕಣ್ಣು ಅಗಲವಾಗಿ ತೆರೆದದ್ದು. ಅದನ್ನು ನೋಡಿದರೆ ನನಗೆ ಹೆದರಿಕೆಯಾಗುತ್ತಿತ್ತು. ಎಲ್ಲಿ ನಿಂತರೂ ಅದು ನಮ್ಮನ್ನೇ ನೋಡುವಂತಿತ್ತು.

ಪೇಟೆಯ ದೊಡ್ಡ ಮ್ಯೂಸಿಯಂಗೆ ನಾನು ಹುಡುಗಿಯಾಗಿದ್ದಾಗ ಹೋಗಿದ್ದೆ. ಕಾಲು ನೋಯುವವರೆಗೂ ನಡೆದು, ಏನನ್ನೂ ನೋಡದೆ ಮನೆಗೆ ಬಂದಂತಾಗಿತ್ತು. ಇಲ್ಲಿ ಹಾಗಲ್ಲ. ಇದ್ದದ್ದೇ ಒಂದು ಕೋಣೆ. ಒಂದು ಪಟದ ಮುಂದೆ ಅರ್ಧ ಬೆಳಗು ಕಳೆದರೂ ಯಾರೂ ಏನೂ ಅನ್ನುವುದಿಲ್ಲ. ಬೆಂಚಿನ ಮೇಲೆ ಕೂತು ಹೂ ಕಟ್ಟಬಹುದು, ಆಗಾಗ ತಲೆಯೆತ್ತಿ ಗೋಡೆ ನೋಡಬಹುದು. ಯಾವ ಪಟ ಯಾರ ಮನೆಯದು ಎಂದು ಅಲ್ಲಿಗೆ ಬರುವವರಿಗೆಲ್ಲ ಗೊತ್ತು. "ಇದು ನಮ್ಮಜ್ಜಿ ನಡುಮನೇಲಿತ್ತು," ಎಂದು ಯಾರೋ ಒಳಗೆ ಬಂದು, ನೋಡಿ, ಕೈಮುಗಿದು ಹೋಗುತ್ತಿದ್ದರು. ಹೊರಡುವಾಗ ಯಜಮಾನಿ ಒಂದೊಂದು ಲೋಟ ಮಜ್ಜಿಗೆ ಕೊಡದೆ ಕಳಿಸುತ್ತಿರಲಿಲ್ಲ.

ನನಗಿಂತ ಹೆಚ್ಚಾಗಿ ಆ ಕೋಣೆ ಅತ್ತೆಯನ್ನು ಹಿಡಿದುಕೊಂಡಿತು. ಮನೆಯಲ್ಲಿ ಅಳೆದು ಮಾತಾಡುವ ಹೆಂಗಸು ಅಲ್ಲಿ ಬಾಯಿ ಬಿಟ್ಟರು. ಮೇಷ್ಟ್ರು ಬರೆದ ಕೆರೆಯ ಚಿತ್ರವೊಂದು ಅವರಿಗೆ ಬಹಳ ಹಿಡಿಸಿತು. ಸೋಪಾನದ ಮೇಲೆ ಬಟ್ಟೆ ಒಗೆಯುವ ಹೆಂಗಸರು, ನೀರಿನಲ್ಲಿ ಮುರಿದುಕೊಂಡ ಆಕಾಶ, ಎಡಗಡೆ ಮೂಲೆಯಲ್ಲಿ ಎಮ್ಮೆಯ ಕೊರಳ ಹಗ್ಗ ಹಿಡಿದ ಒಬ್ಬ ಹುಡುಗಿ. ಅತ್ತೆ ಮೂಗು ತಾಗುವಷ್ಟು ಹತ್ತಿರ ನಿಂತು ನೋಡುತ್ತಿದ್ದರು.

"ನೋಡು, ಈ ಹುಡುಗಿಗೆ ಮನೆಗೆ ಹೋಗೋಕೆ ಮನಸ್ಸಿಲ್ಲ. ಎಮ್ಮೆ ಎಳೀತಾ ಇದೆ, ಇವಳು ಕಾಲು ಊರಿ ನಿಂತಿದ್ದಾಳೆ. ಹೆಬ್ಬೆರಳು ನೋಡು, ಹೆಂಗೆ ಮಣ್ಣಲ್ಲಿ ಒತ್ತಿದ್ದಾಳೆ!"

ನಾನು ಆ ಹೆಬ್ಬೆರಳನ್ನು ನೋಡಿಯೇ ಇರಲಿಲ್ಲ. ನೋಡಿದ ಮೇಲೆ ಚಿತ್ರವೇ ಬೇರೆಯಾಯಿತು. ಅಂದಿನಿಂದ ಭಾನುವಾರ ಬಂತೆಂದರೆ ನಾವಿಬ್ಬರೂ ಬೇಗ ಅಡುಗೆ ಮುಗಿಸಿ ಹೊರಡುತ್ತಿದ್ದೆವು. ಅತ್ತೆ ಸೊಸೆ ಹೀಗೆ ಕೈ ಕೈ ಹಿಡಿದು ಹೋಗುವುದನ್ನು ನೋಡಿ ಬೀದಿಯವರಿಗೆ ಆಶ್ಚರ್ಯ. ಕೈ ಹಿಡಿಯುತ್ತಿದ್ದವರು ಅತ್ತೆ. ಅದು ಪ್ರೀತಿ ಎಂದು ನಾನು ನಂಬಿದ್ದೆ. ಪ್ರೀತಿಯೂ ಇತ್ತು, ಇಲ್ಲವೆನ್ನಲಾರೆ.

ಬೇಸಿಗೆ ಹೊತ್ತಿಗೆ ಸಣ್ಣ ಸಣ್ಣ ಸಂಗತಿಗಳು ಕಣ್ಣಿಗೆ ಬೀಳತೊಡಗಿದವು. ಸಂಜೆ ಬಲ್ಬ್ ಹಾಕಿದರೆ ಅತ್ತೆ, "ದೀಪದ ಸುತ್ತ ಬಣ್ಣಬಣ್ಣದ ಬಳೆ ಕಾಣುತ್ತೆ, ಬಲ್ಬ್ ಸರಿಯಿಲ್ಲ," ಎನ್ನುತ್ತಿದ್ದರು. ನನ್ನ ಗಂಡ ಬಲ್ಬ್ ಬದಲಿಸಿದರು. ಹೊಸ ಬಲ್ಬಿಗೂ ಅದೇ ಮಾತು. ಹುಬ್ಬಿನ ಮೇಲೆ ನೋವೆಂದು ಶುಂಠಿ ಅರೆದು ಪಟ್ಟು ಹಾಕಿಕೊಂಡು ಮಲಗುತ್ತಿದ್ದರು. ಹಾದಿಯ ಪಕ್ಕದಲ್ಲಿ ಇಟ್ಟ ಬಿಂದಿಗೆಯನ್ನು ಎರಡು ಸಲ ಎಡವಿ ಉರುಳಿಸಿದರು. ಎರಡು ಸಲವೂ, "ಇಲ್ಲಿ ಯಾಕೆ ಇಟ್ಟೆ?" ಎಂದು ನನ್ನನ್ನೇ ಕೇಳಿದರು. ನಾನು ಇಟ್ಟಿರಲಿಲ್ಲ. ಬಿಂದಿಗೆ ಯಾವಾಗಲೂ ಅಲ್ಲೇ ಇರುತ್ತಿತ್ತು.

ಒಂದು ಮಧ್ಯಾಹ್ನ ನಾನು ಹಿತ್ತಲಿನಿಂದ ಬಂದು ಅವರ ಪಕ್ಕದಲ್ಲೇ ನಿಂತೆ. ಅವರು ಅಕ್ಕಿ ಆರಿಸುತ್ತಿದ್ದರು. ನಾನು ಬಂದದ್ದು ಅವರಿಗೆ ತಿಳಿಯಲಿಲ್ಲ. ಮೊರದಲ್ಲಿ ಅವರ ಬೆರಳುಗಳು ಅಕ್ಕಿಯನ್ನು ಮುಟ್ಟಿ ಮುಟ್ಟಿ ಕಲ್ಲು ತೆಗೆಯುತ್ತಿದ್ದವು. ಕಣ್ಣು ಎದುರಿನ ಗೋಡೆಯ ಮೇಲಿತ್ತು. ಮೆಲ್ಲಗೆ ಹಿಂದೆ ಸರಿದು, ಬಾಗಿಲ ಹತ್ತಿರ ಹೋಗಿ, ಬಳೆ ಸದ್ದು ಮಾಡಿಕೊಂಡು ಒಳಗೆ ಬಂದೆ. ಅವರು ಥಟ್ಟನೆ ಕಣ್ಣನ್ನು ಮೊರದ ಕಡೆಗೆ ತಿರುಗಿಸಿದರು.

ಮಳೆಗಾಲ ಹಿಡಿಯಿತು. ನಾನು ಬಸುರಿಯಾಗಿದ್ದೆ. ಆ ವರ್ಷ ಮಳೆ ಜೋರು, ಕೆರೆ ತುಂಬಿತ್ತು, ಪಟದ ಮನೆಯ ಹಿಂದಿನ ಗೋಡೆಗೆ ಏರಿಯಿಂದ ನೀರು ಜಿನುಗಿ ಪಾಚಿಗಟ್ಟಿತ್ತು. ಶ್ರಾವಣದ ಒಂದು ಭಾನುವಾರ ನಾವು ಹೋದಾಗ ಹೊರಗೆ ಕಾರ್ಮೋಡ, ಒಳಗೆ ಇನ್ನೂ ಕತ್ತಲೆ. ತೇವ ತಾಗಬಾರದೆಂದು ಯಜಮಾನಿ ಹಿಂದಿನ ಗೋಡೆಯ ಪಟಗಳನ್ನು ತೆಗೆದು ಬೇರೆ ಕಡೆ ತೂಗುಹಾಕಿದ್ದರು. ಕೆರೆಯ ಚಿತ್ರ ಬಾಗಿಲ ಪಕ್ಕಕ್ಕೆ ಬಂದಿತ್ತು. ಅದರ ಜಾಗದಲ್ಲಿ ಗಾಜಿನ ಕೃಷ್ಣ ಇತ್ತು, ಗಾಜಿಗೆ ತೇವದಿಂದ ಏನೂ ಆಗುವುದಿಲ್ಲವೆಂದು.

ಅತ್ತೆ ನನ್ನ ಕೈ ಬಿಟ್ಟು, ಅಭ್ಯಾಸದಂತೆ ನೇರವಾಗಿ ನಡೆದು ಕೃಷ್ಣನ ಮುಂದೆ ನಿಂತರು. ಮೂಗು ತಾಗುವಷ್ಟು ಹತ್ತಿರ.

"ಇವತ್ತು ನೀರು ಸ್ವಲ್ಪ ಕಪ್ಪಗೆ ಕಾಣುತ್ತೆ, ಮೋಡಕ್ಕೆ," ಎಂದರು. "ಆದ್ರೂ ಆ ಹುಡುಗಿ ನೋಡು, ಇನ್ನೂ ಹಟ ಬಿಟ್ಟಿಲ್ಲ. ಎಮ್ಮೆಗೇ ಸಾಕಾಗಿದೆ."

ಯಜಮಾನಿ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಹೆಂಚಿನ ಮೇಲೆ ಹನಿ ಬೀಳತೊಡಗಿತು. ಕೃಷ್ಣ ಕೊಳಲು ಹಿಡಿದು ನಗುತ್ತಿದ್ದ. ಅತ್ತೆ ಎಮ್ಮೆಯ ಕೋಡಿನ ಬಗ್ಗೆ, ಹಗ್ಗದ ಗಂಟಿನ ಬಗ್ಗೆ ಹೇಳುತ್ತಲೇ ಇದ್ದರು. ನಡುವೆ ಒಮ್ಮೆ ನಿಂತು ನಮ್ಮ ಉತ್ತರಕ್ಕೆ ಕಾದರು. ಉತ್ತರ ಬರಲಿಲ್ಲ. ಅವರ ಮಾತು ನಿಧಾನವಾಗಿ ನಿಂತುಹೋಯಿತು. ಕೈಯೆತ್ತಿ ಬೆರಳಿನ ತುದಿಯಿಂದ ಪಟವನ್ನು ಮುಟ್ಟಿದರು. ಕಾಗದದ ಮೇಲೆ ಬರೆದ ಕೆರೆಯ ಚಿತ್ರಕ್ಕೆ ಮೇಷ್ಟ್ರು ಗಾಜು ಹಾಕಿಸಿರಲಿಲ್ಲ. ತಣ್ಣನೆಯ ಗಾಜು ಬೆರಳಿಗೆ ತಾಗಿದ ತಕ್ಷಣ ಕೈ ಹಿಂದೆ ತೆಗೆದುಕೊಂಡರು.

"ಮಳೆ ಬಂತು, ಹೋಗೋಣ," ಎಂದರು. ಮಜ್ಜಿಗೆ ಬೇಡವೆಂದರು.

ಏರಿಯ ಮೇಲೆ ಒಂದೇ ಛತ್ರಿಯ ಕೆಳಗೆ ನಡೆದೆವು. ಕೆರೆಯ ನೀರು ದಡಕ್ಕೆ ಬಡಿಯುತ್ತಿತ್ತು. ನನ್ನ ತೋಳನ್ನು ಅವರು ಎಂದಿಗಿಂತ ಬಿಗಿಯಾಗಿ ಹಿಡಿದಿದ್ದರು.

"ಅದು ಕೆರೆ ಪಟ ಅಲ್ಲ, ಅಲ್ವಾ?"

"ಅಲ್ಲ ಅತ್ತೆ."

"ಏನಿತ್ತು ಅಲ್ಲಿ?"

"ಕೃಷ್ಣ."

ಅವರು ಸೆರಗಿನಿಂದ ಮುಖದ ಹನಿ ಒರೆಸಿಕೊಂಡರು. ಆಮೇಲೆ ಬೇರೆಯವರ ಸಂಗತಿ ಹೇಳುವವರಂತೆ ಹೇಳಿದರು. "ಬಲಗಣ್ಣು ಹೋಗಿ ಸುಮಾರು ಕಾಲ ಆಯ್ತು. ಎಡಗಣ್ಣಲ್ಲಿ ಒಂದು ತೂತಿನಷ್ಟು ಕಾಣುತ್ತೆ, ಅದೂ ಬಿಸಿಲಿದ್ರೆ. ನಮ್ಮ ಮನೇಲಿ ಹಾಗೇ ಕಣಮ್ಮ. ಮೊದಲು ಪಕ್ಕ ಹೋಗುತ್ತೆ. ಗೊತ್ತೇ ಆಗಲ್ಲ. ಆಮೇಲೆ ಎದುರಿಂದು. ನಮ್ಮಪ್ಪ ಜಗಲಿ ಮೇಲೆ ಕೂತ್ಕೊಂಡೇ ಕೊನೆಗಾಲ ಕಳೆದ್ರು. ನಮ್ಮಣ್ಣನೂ ಅಷ್ಟೇ."

"ಡಾಕ್ಟರಿಗೆ ಯಾಕೆ ತೋರಿಸಲಿಲ್ಲ? ಇವರಿಗಾದ್ರೂ ಹೇಳಬಾರದಿತ್ತಾ?"

"ಆಗ ಅವನಿಗೆ ಹೆಣ್ಣು ನೋಡ್ತಿದ್ವಿ. ಇಂಥ ಮನೆ ಅಂತ ಗೊತ್ತಾಗಿದ್ರೆ ನಿಮ್ಮಪ್ಪ ನಿನ್ನ ಕೊಡ್ತಿದ್ರಾ?"

ನಾನು ಅಲ್ಲೇ ನಿಂತುಬಿಟ್ಟೆ. ಹೊಟ್ಟೆಯಲ್ಲಿ ಮಗು ಮಿಸುಕಾಡಿತು. ಅವರ ಕೈಯನ್ನು ಕೊಡವಿ ಹಾಕಬೇಕೆಂಬಷ್ಟು ಸಿಟ್ಟು ಬಂತು. ಪಕ್ಕದಲ್ಲೇ ತುಂಬಿದ ಕೆರೆ. ಅವರಿಗೆ ಕಾಣುತ್ತಿಲ್ಲ. ಅವರನ್ನು ಅಲ್ಲಿ ಬಿಟ್ಟು ಎಲ್ಲಿಗೆ ಹೋಗಲಿ? ಮತ್ತೆ ನಡೆದೆವು. ನಮ್ಮ ಮನೆಯ ಗೇಟಿನ ಬಳಿ ಅವರು, "ಅವನಿಗೆ ಹೇಳ್ಬೇಡ," ಎಂದರು.

ನಾನು ಹೇಳಿದೆ. ಅವತ್ತು ಸಂಜೆಯೇ ಹೇಳಿದೆ.

ನನ್ನ ಗಂಡ ನಂಬಲಿಲ್ಲ. ಅಮ್ಮನ ಮುಂದೆ ಹೋಗಿ ಪೇಪರ್ ಹಿಡಿದು, "ಓದಮ್ಮ," ಎಂದರು. ಅತ್ತೆ ಪೇಪರನ್ನು ಮಡಚಿ ಮಗನ ಕೈಗೇ ಕೊಟ್ಟರು. ಮರುದಿನ ರಜೆ ಹಾಕಿ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರು ತಲೆ ನರೆತ ಮನುಷ್ಯ. ಅತ್ತೆಯನ್ನು ಎದುರಿಗೆ ಕೂರಿಸಿ, "ನನ್ನ ಮೂಗನ್ನೇ ನೋಡ್ತಾ ಇರಿ ಅಮ್ಮ. ಪಕ್ಕದಲ್ಲಿ ಬೆರಳು ಆಡಿಸ್ತೀನಿ, ಕಂಡ್ರೆ ಹೇಳಿ," ಎಂದರು. ಬೆರಳು ಆಡುತ್ತಲೇ ಇತ್ತು. ಅತ್ತೆ ಹೇಳಲಿಲ್ಲ. ಕಣ್ಣು ಮರಗಟ್ಟುವ ಔಷಧಿ ಹಾಕಿ, ಅದರ ಮೇಲೆ ಸಣ್ಣದೊಂದು ಲೋಹದ ಉಪಕರಣ ಇಟ್ಟು ನೋಡಿದರು. ಆಮೇಲೆ ಕೈ ತೊಳೆದುಕೊಂಡು ಬಂದು ಕೂತರು.

"ಕಣ್ಣಿನೊಳಗೆ ಒತ್ತಡ ಜಾಸ್ತಿಯಾಗಿ ಹಿಂದಿನ ನರ ಸಾಯ್ತಾ ಬಂದಿದೆ. ಹೋದದ್ದನ್ನ ವಾಪಸ್ ತರೋಕಾಗಲ್ಲ. ಉಳಿದದ್ದನ್ನ ಕಾಯೋಣ, ಕಣ್ಣಿಗೆ ಹಾಕೋ ಹನಿ ಬರ್ಕೊಡ್ತೀನಿ." ನನ್ನ ಗಂಡನ ಕಡೆ ತಿರುಗಿದರು. "ಇವರ ತಂದೆಗೂ ಇತ್ತು ಅಂತೀರಿ. ನಿಮ್ಮ ಕಣ್ಣೂ ಒಂದ್ಸಲ ನೋಡ್ಬೇಕಲ್ಲ."

ನನ್ನ ಗಂಡ ನಕ್ಕುಬಿಟ್ಟರು. "ನಾನು ದಿನವಿಡೀ ಕೂದಲೆಳೆಯಂಥ ಗೆರೆ ಎಳೆಯೋನು ಸಾರ್. ನನ್ನ ಕಣ್ಣಿಗೇನಾಗಿದೆ?"

"ಅದಕ್ಕೇ ಹೇಳ್ತಿರೋದು. ಇದು ಗೆರೆ ಎಳೆಯೋ ಎದುರಿನ ನೋಟವನ್ನ ಕೊನೇಲಿ ಮುಟ್ಟುತ್ತೆ."

"ಬರ್ತೀನಿ ಸಾರ್, ಕೆಲಸ ಸ್ವಲ್ಪ ಕಡಿಮೆ ಆಗ್ಲಿ," ಎಂದು ಎದ್ದರು. ಅವರ ನಗು ಹೊರಗಿನ ಮೆಟ್ಟಿಲವರೆಗೂ ಇತ್ತು.

ಹನಿ ಹಾಕಿದರೆ ಅತ್ತೆಗೆ ಹುಬ್ಬು ಸಿಡಿಯುವಂತೆ ನೋವು. ಇದ್ದ ಬೆಳಕೂ ಮಂಕಾಯಿತು ಎನ್ನುತ್ತಿದ್ದರು. ಆದರೂ ನಾನು ಹೊತ್ತು ಹೊತ್ತಿಗೆ ಹಾಕಿದೆ. ಅವರ ಮೇಲಿನ ಸಿಟ್ಟು ಪೂರ್ತಿ ಇಳಿದಿರಲಿಲ್ಲ. ರೆಪ್ಪೆ ಬಿಡಿಸಿ ಹಿಡಿದಾಗ ಆ ಕಣ್ಣು ನನ್ನ ಕಡೆ ತಿರುಗಿ ಯಾರನ್ನೋ ಹುಡುಕುತ್ತಿತ್ತು. ದೀಪಾವಳಿಯ ಆಸುಪಾಸಿನಲ್ಲಿ ಮಗಳು ಹುಟ್ಟಿದಳು. ಅವಳ ಮುಖವನ್ನು ಅತ್ತೆ ಬಿಸಿಲಿಗೆ ಹಿಡಿದು, ಇದ್ದಷ್ಟು ಕಣ್ಣಿನಿಂದ ತುಂಡು ತುಂಡಾಗಿ ನೋಡಿದರು. ಮೊದಲು ಹಣೆ, ಆಮೇಲೆ ಮೂಗು, ಆಮೇಲೆ ತುಟಿ.

"ಕಣ್ಣು ನಿನ್ನ ಹಾಗೆ ಇರ್ಲಿ ಅಂತ ಕೇಳ್ಕೊಂಡಿದ್ದೆ," ಎಂದರು.

ಅಷ್ಟರಲ್ಲಿ ನಾನು ಗಂಡನನ್ನು ಗಮನಿಸಲು ಶುರುಮಾಡಿದ್ದೆ. ಗಮನಿಸಬಾರದಿತ್ತು ಎನಿಸುವಷ್ಟು ಗಮನಿಸುತ್ತಿದ್ದೆ. ಗೇಟಿನೊಳಗೆ ಬರುವಾಗ ಅವರ ಎಡಭುಜ ಕಂಬಕ್ಕೆ ತಾಗುತ್ತಿತ್ತು. ಎಲ್ಲರಿಗೂ ತಾಗುತ್ತದೆ ಎಂದುಕೊಂಡೆ. ಎಲೆಯ ಎಡತುದಿಗೆ ಬಡಿಸಿದ ಉಪ್ಪಿನಕಾಯಿಯನ್ನು ಹಾಗೇ ಬಿಟ್ಟು ಏಳುತ್ತಿದ್ದರು. ಬೇಡವೇನೋ ಎಂದುಕೊಂಡೆ. ಒಂದು ಸಂಜೆ ಸೈಕಲ್ಲಿನ ಮುಂದಿನ ಚಕ್ರ ಸೊಟ್ಟಗಾಗಿ, ಮೊಣಕೈ ತರಚಿಕೊಂಡು ಬಂದರು. ಯಡಿಯೂರಿನ ಹತ್ತಿರ ಎಡಗಡೆಯ ಓಣಿಯಿಂದ ಬಂದ ಎತ್ತಿನ ಗಾಡಿಗೆ ಗುದ್ದಿದ್ದರು.

"ಗಾಡಿಯೋನು ಸದ್ದಿಲ್ಲದೆ ನುಗ್ಗಿಬಿಟ್ಟ," ಎಂದರು.

ಎತ್ತಿನ ಕೊರಳಲ್ಲಿ ಗಂಟೆ ಇರುತ್ತದೆ. ನಾನು ಗಾಯಕ್ಕೆ ಅರಿಶಿನ ಹಚ್ಚಿದೆ. ಅತ್ತೆ ಒಳಕೋಣೆಯಿಂದ, "ಯಾವ ಕಡೆಯಿಂದ ಬಂತು ಗಾಡಿ?" ಎಂದು ಕೇಳಿದರು. ನನ್ನ ಗಂಡ, "ಎಡಗಡೆಯಿಂದ," ಎಂದರು. ಅತ್ತೆ ಮತ್ತೇನೂ ಕೇಳಲಿಲ್ಲ.

ಆಸ್ಪತ್ರೆಯ ಮಾತೆತ್ತಿದರೆ ನನ್ನ ಗಂಡ ಸಿಡುಕುತ್ತಿದ್ದರು. "ನಿಮ್ಮಿಬ್ಬರಿಗೂ ಅದೇ ಹುಚ್ಚು ಹಿಡಿದಿದೆ," ಎನ್ನುತ್ತಿದ್ದರು. ಹಗಲೆಲ್ಲ ಬೋರ್ಡಿನ ಮುಂದೆ ಕೂರುವ ಮನುಷ್ಯನಿಗೆ ಕಣ್ಣಿನ ಬಗ್ಗೆ ಸಂಶಯಪಡುವುದೆಂದರೆ ಅನ್ನದ ಬಗ್ಗೆಯೇ ಸಂಶಯಪಟ್ಟಂತೆ. ಅದು ನನಗೂ ಅರ್ಥವಾಗುತ್ತಿತ್ತು.

ಬಾಣಂತನ ಮುಗಿದು, ಶಿವರಾತ್ರಿ ಕಳೆದ ಮೇಲೆ ಅತ್ತೆ, "ಪಟದ ಮನೆಗೆ ಹೋಗಿ ಬಹಳ ದಿನ ಆಯ್ತು. ಮಗೂನೂ ಕರ್ಕೊಂಡು ಹೋಗೋಣ," ಎಂದರು. ಒಂದು ಕಂಕುಳಲ್ಲಿ ಮಗು, ಇನ್ನೊಂದು ಕೈಯಲ್ಲಿ ಅತ್ತೆ, ನನ್ನಿಂದ ಆಗದು. ನನ್ನ ಗಂಡ ಗೊಣಗಿಕೊಂಡೇ ಜೊತೆಗೆ ಬಂದರು. ಪಟ, ಗೊಂಬೆಗಳಲ್ಲಿ ಅವರಿಗೆ ಆಸಕ್ತಿ ಇರಲಿಲ್ಲ.

ಆದರೆ ಒಳಗೆ ಹೋದ ಮೇಲೆ ಅವರೂ ಬದಲಾದರು. ಮೊದಲು ಕೆತ್ತನೆಯ ಬಾಗಿಲಿನ ಜೋಡಣೆ ನೋಡಿದರು. "ಮೊಳೆಯೇ ಇಲ್ಲವಲ್ಲ!" ಎಂದರು. ಆಮೇಲೆ ಕೆರೆಯ ಚಿತ್ರದ ಮುಂದೆ ನಿಂತರು. ಮಳೆಗಾಲ ಮುಗಿದಿದ್ದರಿಂದ ಅದು ತನ್ನ ಹಳೆಯ ಗೋಡೆಗೆ ಮರಳಿತ್ತು. ಗವಾಕ್ಷಿಯ ಬಿಸಿಲು ಅದರ ಮೇಲೇ ಬಿದ್ದಿತ್ತು.

"ಸೋಪಾನ ಹೆಂಗೆ ಬರೆದಿದ್ದಾರೆ ನೋಡು, ಅಳತೆ ಒಂಚೂರೂ ತಪ್ಪಿಲ್ಲ. ಈ ಮೇಷ್ಟ್ರದ್ದು ಪಳಗಿದ ಕೈ ಕಣೇ," ಎಂದು ನನಗೆ ಹೇಳಿದರು. ಮದುವೆಯಾದ ಮೇಲೆ ಅವರು ಹಾಗೆ ಖುಷಿಯಿಂದ ಒಂದರ ಮುಂದೆ ನಿಂತದ್ದನ್ನು ನಾನು ನೋಡಿರಲಿಲ್ಲ. ಅತ್ತೆ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಬೆಂಚಿನ ಮೇಲೆ ಕೂತಿದ್ದರು. ಮಗನ ದನಿ ಕೇಳಿ ಅವರ ಮುಖವೂ ಅರಳಿತ್ತು. ಒಂದು ಗಳಿಗೆ ಎಲ್ಲವೂ ಸರಿಯಿದೆ ಎನಿಸಿತು.

ಯಜಮಾನಿ ಮಜ್ಜಿಗೆ ತಂದರು. ನನ್ನ ಗಂಡನ ಎಡಗಡೆ, ಒಂದು ಮೊಳ ದೂರದಲ್ಲಿ ನಿಂತು ಲೋಟ ಚಾಚಿದರು. ಅವರು ಚಿತ್ರವನ್ನೇ ನೋಡುತ್ತಿದ್ದರು. ಯಜಮಾನಿ ಲೋಟವನ್ನು ಇನ್ನಷ್ಟು ಮುಂದೆ ಹಿಡಿದರು. ಅದು ಈಗ ಅವರ ಕೆನ್ನೆಯ ಪಕ್ಕದಲ್ಲೇ ಇತ್ತು. ಹಿತ್ತಾಳೆಯ ಲೋಟ, ಬಿಸಿಲಿಗೆ ಹೊಳೆಯುತ್ತಿತ್ತು. ಅವರು ರೆಪ್ಪೆ ಕೂಡ ಬಡಿಯಲಿಲ್ಲ. ಯಜಮಾನಿಯ ಕೈ ಹಾಗೇ ನಿಂತಿತು. ಅವರು ನನ್ನ ಕಡೆ ನೋಡಿದರು, ಅಂದು ನೋಡಿದ ಹಾಗೆಯೇ.

ಮಾತಾಡಬೇಕಿತ್ತು. ನನ್ನಿಂದ ಆಗಲಿಲ್ಲ.

ಬೆಂಚಿನ ಮೇಲಿಂದ ಅತ್ತೆ, "ಯಾಕೆ ಎಲ್ಲರೂ ಸುಮ್ಮನಾದ್ರಿ?" ಎಂದರು.

ಅತ್ತೆಯ ದನಿ ಏರಿತು. "ಏನಾಯ್ತು? ಅವನಿಗೇನು ಕಾಣಲಿಲ್ಲ? ಹೇಳ್ರೇ!"

ನನ್ನ ಗಂಡ ಅಮ್ಮನ ಕಡೆ ತಿರುಗಿದರು. ಭುಜ ಲೋಟಕ್ಕೆ ಬಡಿದು ಮಜ್ಜಿಗೆಯೆಲ್ಲ ಅಂಗಿಯ ಮೇಲೆ ಚೆಲ್ಲಿತು. ಬೆಚ್ಚಿಬಿದ್ದು ಯಜಮಾನಿಯನ್ನು ನೋಡಿದರು.

"ನೀವು ಯಾವಾಗ ಬಂದ್ರಿ?"

"ಆಗ್ಲೇ ಬಂದೆ ಸಾಮಿ. ಲೋಟ ಹಿಡ್ಕಂಡೇ ನಿಂತಿದ್ದೆ."

ನನ್ನ ಗಂಡ ಒದ್ದೆ ಅಂಗಿಯಲ್ಲೇ ಹೊರಗೆ ಹೋಗಿ ಏರಿಯ ಮೇಲೆ ನಿಂತರು. ನಾನು ಹೋಗಲು ಎದ್ದೆ. ಅತ್ತೆ ನನ್ನ ಸೆರಗು ಹಿಡಿದು ನಿಲ್ಲಿಸಿದರು. ಮಗುವನ್ನು ನನ್ನ ಕೈಗೆ ಕೊಟ್ಟು, ಯಜಮಾನಿಯ ತೋಳು ಹಿಡಿದು ತಾವೇ ಏರಿ ಹತ್ತಿದರು. ಬಾಗಿಲಲ್ಲಿ ನಿಂತ ನನಗೆ ಅವರ ಮಾತೆಲ್ಲ ಕೇಳಿಸುತ್ತಿತ್ತು.

"ಬಲಗಣ್ಣು ಮುಚ್ಕೊಂಡು ನೀರು ನೋಡು," ಎಂದರು ಅತ್ತೆ.

"ಬೇಡ ಅಮ್ಮ."

"ನೋಡು ಅಂದೆ."

ಅವರು ಅಂಗೈಯಿಂದ ಬಲಗಣ್ಣು ಮುಚ್ಚಿದರು. ಕೆರೆಯ ಕಡೆ ನೋಡಿದರು. ಬಹಳ ಹೊತ್ತು ಕೈ ತೆಗೆಯಲೇ ಇಲ್ಲ.

"ಎಷ್ಟು ದಿನದಿಂದ ಹೀಗಿದೆ?" ಅತ್ತೆ ಕೇಳಿದರು.

"ಗೊತ್ತಿಲ್ಲಮ್ಮ. ನಾನು ನೋಡ್ಕೊಂಡೇ ಇಲ್ಲ."

"ನಾನು ಮುಚ್ಚಿಟ್ಟೆ, ಎರಡೂ ಹೋಯ್ತು. ನಿನಗೆ ಇನ್ನೊಂದು ಇದೆಯಲ್ಲಪ್ಪ. ನಾಳೆ ಹೋಗು. ನನ್ನ ಕೈಯಲ್ಲಿ ಇನ್ನೊಂದು ಮಾತು ಹೇಳಿಸ್ಬೇಡ." ಅಷ್ಟು ಹೇಳಿ ಅವರು ಏರಿಯ ಮೇಲೇ ಕುಸಿದು ಕೂತು ಅತ್ತರು. ಅತ್ತೆ ಅಳುವುದನ್ನು ನಾನು ಮೊದಲ ಸಲ ನೋಡಿದ್ದು ಅದು. ಮಗ ಪಕ್ಕದಲ್ಲಿ ಕೂತು ಸಣ್ಣ ಹುಡುಗನ ಹಾಗೆ ಅವರ ಹೆಗಲಿಗೆ ತಲೆ ಇಟ್ಟರು. ಅವರಿಬ್ಬರನ್ನೂ ಹಾಗೆ ನೋಡಿದಾಗ ಅತ್ತೆಯ ಮೇಲೆ ನನಗಿದ್ದ ಸಿಟ್ಟು ಹೋಯಿತು. ಅದರ ಜಾಗಕ್ಕೆ ಭಯ ಬಂದು ಕೂತಿತು. ನನ್ನ ತೋಳಿನಲ್ಲಿ ಮಗಳು ಗವಾಕ್ಷಿಯ ಬೆಳಕನ್ನೇ ಪಿಳಿಪಿಳಿ ನೋಡುತ್ತಿದ್ದಳು.

ಮರುದಿನವೇ ಆಸ್ಪತ್ರೆಗೆ ಹೋದೆವು. ಡಾಕ್ಟರು 'ಆಗಲೇ ಹೇಳಿದ್ದೆ' ಎನ್ನಲಿಲ್ಲ. ಅದಕ್ಕೆ ಇವತ್ತಿಗೂ ಅವರನ್ನು ನೆನೆಯುತ್ತೇನೆ. ಎಡಗಣ್ಣಿನ ಪಕ್ಕದ ನೋಟ ಬಹುಪಾಲು ಹೋಗಿತ್ತು. ಬಲಗಣ್ಣಿನಲ್ಲಿ ಆಗ ತಾನೇ ಶುರುವಾಗಿತ್ತು. ಎಡಗಣ್ಣಿಗೆ ಆಪರೇಷನ್ ಆಯಿತು, ಬಲಗಣ್ಣಿಗೆ ಹನಿ. ಇಬ್ಬರಿಗೂ ಹನಿ ಹಾಕುವುದು ನನ್ನ ಕೆಲಸವಾಯಿತು. ಮೊದಲು ಅಮ್ಮನಿಗೆ, ಆಮೇಲೆ ಮಗನಿಗೆ. ನನ್ನ ಗಂಡ ಇನ್ನೂ ಕೆಲವು ವರ್ಷ ಬೋರ್ಡಿನ ಮುಂದೆ ಕೂತರು. ಗೆರೆ ಎಳೆಯುವಾಗ ಕತ್ತನ್ನು ಎಡಕ್ಕೆ ಹೊರಳಿಸಿ ಹೊರಳಿಸಿ ನೋಡುವುದು ಅಭ್ಯಾಸವಾಯಿತು. ಸೈಕಲ್ ಬಿಟ್ಟು ಬಸ್ಸಿನಲ್ಲಿ ಓಡಾಡಿದರು. ಬಲಗಣ್ಣು ಉಳಿಯಿತು. ಕೊನೆಯವರೆಗೂ ಪೇಪರ್ ಓದಿದರು.

ಅತ್ತೆಗೆ ಉಳಿದಿದ್ದ ತೂತಿನಷ್ಟು ಬೆಳಕು ಮುಂದಿನ ಬೇಸಿಗೆಯೊಳಗೆ ಹೋಯಿತು. ಆದರೂ ಭಾನುವಾರ ತಪ್ಪಲಿಲ್ಲ. ಯಜಮಾನಿ ಅವರನ್ನು ಬಾಗಿಲುಗಳ ಹತ್ತಿರ ಕರೆದೊಯ್ದು ಕೈ ಹಿಡಿದು ಕೆತ್ತನೆಯ ಮೇಲೆ ಇಡುತ್ತಿದ್ದರು. ಬಳ್ಳಿ, ಗಿಳಿ, ಬಳ್ಳಿ, ಗಿಳಿ ಎಂದು ಅತ್ತೆ ಬೆರಳು ಸರಿಸಿಕೊಂಡು ಹೋಗುತ್ತಿದ್ದರು. ನನಗೆ ಹೆದರಿಕೆ ಹುಟ್ಟಿಸುತ್ತಿದ್ದ ಸೋಮನ ಮುಖವನ್ನು ಅವರು ಎರಡೂ ಕೈಗಳಿಂದ ತಡವಿ, "ಪಾಪ, ಇವನಿಗೆ ರೆಪ್ಪೆಯೇ ಇಲ್ವಲ್ಲ," ಎಂದರು. ಆಮೇಲೆ ಅದನ್ನು ನೋಡಿದರೆ ನನಗೆ ಹೆದರಿಕೆಯಾಗುತ್ತಿರಲಿಲ್ಲ. ಹೆದರಲು ಬೇರೆ ಸಂಗತಿಗಳಿದ್ದವು.

ಮಗಳು ಶಾಲೆಗೆ ಸೇರಿದ ವರ್ಷ ಏರಿಯ ಕೆಳಗೂ ಅಳತೆಯವರು ಬಂದರು. ಪಟದ ಮನೆಯ ಜಗಲಿಯ ಪಕ್ಕದಲ್ಲೇ ಗಡಿಕಲ್ಲು ನೆಟ್ಟರು. ಕೆರೆಗೆ ನೀರು ಬರುವ ಕಾಲುವೆಯನ್ನು ಆಗಲೇ ಮುಚ್ಚಿದ್ದರು. ಊರವರು ಒಬ್ಬೊಬ್ಬರಾಗಿ ಬಂದು ತಮ್ಮ ತಮ್ಮ ಪಟ ತೆಗೆದುಕೊಂಡು ಹೋದರು. ವಾರದಿಂದ ವಾರಕ್ಕೆ ಗೋಡೆ ಬರಿದಾಗುತ್ತಿತ್ತು. ಪಟ ಇದ್ದ ಕಡೆ ಮಾತ್ರ ಸುಣ್ಣ ಬೆಳ್ಳಗೆ ಚೌಕಾಕಾರವಾಗಿ ಉಳಿಯುತ್ತಿತ್ತು. ಯಜಮಾನಿ ಸುಬ್ರಹ್ಮಣ್ಯಪುರದಲ್ಲಿದ್ದ ತಮ್ಮನ ಮನೆಗೆ ಹೋದರು. ಮೇಷ್ಟ್ರ ಚಿತ್ರಗಳನ್ನು ಟ್ರಂಕಿನಲ್ಲಿ ತುಂಬಿಕೊಂಡು ಹೋದರು. ಒಮ್ಮೆ ಹೋಗಿ ನೋಡಿಕೊಂಡು ಬಂದೆವು. ಟ್ರಂಕ್ ಮಂಚದ ಕೆಳಗಿತ್ತು. ತೆಗೆದು ತೋರಿಸಿ ಎನ್ನಲು ನನಗೆ ಬಾಯಿ ಬರಲಿಲ್ಲ, ಅವರೂ ತೆಗೆಯಲಿಲ್ಲ. ಕಟ್ಟಡ ಕೆಡವಿದ್ದು ಯಾವಾಗ ಎಂದು ನಮಗೆ ತಿಳಿಯಲೇ ಇಲ್ಲ.

ಮಗಳಿಗೆ ತಿಳುವಳಿಕೆ ಬಂದ ವರ್ಷದಿಂದ ಕಣ್ಣು ಪರೀಕ್ಷೆ ಮಾಡಿಸಿ ಎಂದು ಡಾಕ್ಟರು ಹೇಳಿದ್ದರು. ಮೊದಲ ಸಲ ಕರೆದುಕೊಂಡು ಹೋದಾಗ ಅತ್ತೆಯೂ ಬಂದಿದ್ದರು. ಹೊರಗಿನ ಬೆಂಚಿನ ಮೇಲೆ ಜಪಮಣಿ ಹಿಡಿದು ಕೂತಿದ್ದರು. ಡಾಕ್ಟರು ಮಗಳನ್ನು ಸ್ಟೂಲಿನ ಮೇಲೆ ಕೂರಿಸಿಕೊಂಡು, "ನನ್ನ ಮೂಗು ನೋಡು ಪುಟ್ಟಿ," ಎಂದರು. ಅವಳು ನಕ್ಕಳು. ಬೆರಳು ಆಡಿದ ಕಡೆಗೆಲ್ಲ, "ಕಾಣ್ತು, ಕಾಣ್ತು," ಎಂದು ಕೂಗಿದಳು. ಡಾಕ್ಟರು ಅವಳ ಕೆನ್ನೆ ತಟ್ಟಿ ಇಳಿಸಿದರು.

"ಈಗ ಏನೂ ಇಲ್ಲ," ಎಂದರು ನನಗೆ. ಸ್ವಲ್ಪ ತಡೆದು, "ಮುಂದಿನ ವರ್ಷ ಮತ್ತೆ ಕರ್ಕೊಂಡು ಬನ್ನಿ," ಎಂದರು.

ಹೊರಗೆ ಬಂದಾಗ ಅತ್ತೆ ಎದ್ದು ನಿಂತಿದ್ದರು. "ಏನಂದ್ರು?" ಎಂದರು. ನಾನು ಹೇಳಿದೆ, ಎರಡೂ ಮಾತು ಹೇಳಿದೆ. ನಮ್ಮ ಮನೆಯಲ್ಲಿ ಇನ್ನು ಯಾರೂ ಯಾರಿಂದಲೂ ಏನನ್ನೂ ಮುಚ್ಚಿಡುತ್ತಿರಲಿಲ್ಲ. ಮಗಳು ಅಜ್ಜಿಯ ಬೆರಳು ಹಿಡಿದು ಮುಂದೆ ಮುಂದೆ ನಡೆದಳು.